ಕೆಸರು ತಿಂದ ರೇಡಿಯೇಟರ್ ಫ್ಯಾನ್: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಡಾಂಬರು ರಸ್ತೆಯಲ್ಲಿ ಓಡುವ ಕಾರಿನ ರೇಡಿಯೇಟರ್ ಫ್ಯಾನ್ ಕೆಟ್ಟರೆ ಚಾಲಕನಿಗೆ ಎಷ್ಟೋ ಹೊತ್ತು ಗೊತ್ತೇ ಆಗುವುದಿಲ್ಲ. ವೇಗದಲ್ಲಿ ಹೋಗುವಾಗ ಎದುರಿನಿಂದ ನುಗ್ಗುವ ಗಾಳಿಯೇ ರೇಡಿಯೇಟರನ್ನು ತಣಿಸುತ್ತಿರುತ್ತದೆ. ಕೆಸರು, ಕಲ್ಲು, ಏರುಗಳಲ್ಲಿ ಭಾರ ಹೊತ್ತು ನಿಧಾನವಾಗಿ ತೆವಳುವ ಯುಟಿವಿಗೆ, ಅಂದರೆ ಒರಟು ದಾರಿಗೆಂದೇ ಮಾಡಿದ ಸಣ್ಣ ವಾಹನಕ್ಕೆ, ಈ ಅನುಕೂಲವಿಲ್ಲ. ಅಲ್ಲಿ ಎಂಜಿನ್ ದುಡಿಯುವುದು ಹೆಚ್ಚು, ಗಾಳಿ ಸಿಗುವುದು ಕಡಿಮೆ. ಆದ್ದರಿಂದ ತಂಪಿನ ಭಾರವೆಲ್ಲ ಆ ಒಂದು ವಿದ್ಯುತ್ ಫ್ಯಾನಿನ ಮೇಲೆ ಬೀಳುತ್ತದೆ. ಫ್ಯಾನ್ ನಿಂತ ಕೆಲವೇ ನಿಮಿಷಗಳಲ್ಲಿ ಉಷ್ಣಾಂಶದ ಸೂಚಕ ದೀಪ ಹೊತ್ತಿಕೊಳ್ಳುವುದು ಇದೇ ಕಾರಣಕ್ಕೆ.

ಫ್ಯಾನ್ ಬದಲಿಸುವುದು ಕಷ್ಟದ ಕೆಲಸವಲ್ಲ. ಹಳೆಯ ಫ್ಯಾನ್ ಏಕೆ ಸತ್ತಿತು ಎಂದು ತಿಳಿಯದೆ ಹೊಸದನ್ನು ಕೂರಿಸುವುದೇ ಬಹುಪಾಲು ಜನರು ಮಾಡುವ ತಪ್ಪು. ಕಾರಣ ಅಲ್ಲಿಯೇ ಉಳಿದಿದ್ದರೆ ಹೊಸ ಫ್ಯಾನಿಗೂ ಅದೇ ಗತಿ. ಹಾಗಾಗಿ ಈ ಲೇಖನದ ಅರ್ಧಭಾಗ ಸ್ಪ್ಯಾನರ್ ಹಿಡಿಯುವುದಕ್ಕೆ ಮುಂಚಿನ ಕೆಲಸಕ್ಕೇ ಮೀಸಲು.

ಕೈ ಹಾಕುವ ಮುನ್ನ

ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲು ಬೆರೆತ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; ಆದರೆ ರೇಡಿಯೇಟರ್ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಡುವುದರಿಂದ ಅಲ್ಲಿ ಅದರ ಕುದಿಬಿಂದು 120 ಡಿಗ್ರಿಯನ್ನೂ ದಾಟುತ್ತದೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ಅಷ್ಟು ಹೊತ್ತು ಕುದಿಯದೆ ಸುಮ್ಮನಿದ್ದ ದ್ರವ ಆ ಕ್ಷಣವೇ ಕುದಿದು ಮುಖದ ಮೇಲೆ ಚಿಮ್ಮುತ್ತದೆ. ಫ್ಯಾನ್ ಕೆಲಸಕ್ಕೆ ಸಾಮಾನ್ಯವಾಗಿ ಮುಚ್ಚಳ ತೆರೆಯುವ ಅಗತ್ಯವೇ ಬರುವುದಿಲ್ಲ.

ಎರಡನೆಯದಾಗಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಕೆಲವು ವಾಹನಗಳಲ್ಲಿ ಕೀಲಿ ತೆಗೆದ ಮೇಲೂ ಎಂಜಿನ್ ಬಿಸಿಯಾಗಿದ್ದರೆ ಫ್ಯಾನ್ ತಾನಾಗಿಯೇ ತಿರುಗತೊಡಗುತ್ತದೆ. ಆ ಹೊತ್ತಿಗೆ ಬೆರಳುಗಳು ರೆಕ್ಕೆಗಳ ನಡುವೆ ಇರಬಾರದು.

ಏನು ಕೆಟ್ಟಿದೆ ಎಂದು ಪತ್ತೆ ಮಾಡುವುದು

ಮೊದಲು ಟಾರ್ಚ್ ಹಿಡಿದು ನೋಡಿ, ಆಮೇಲೆ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಸುಸ್ಥಿತಿಯ ಫ್ಯಾನ್ ಸಣ್ಣ ತಡೆಯೊಂದಿಗೆ ಸರಾಗವಾಗಿ ಸುತ್ತುತ್ತದೆ. ಗರಗರ ಎಂದರೆ ಬೇರಿಂಗ್ ಸವೆದಿದೆ. ಅಲುಗಾಡದೆ ಬಿಗಿದುಕೊಂಡಿದ್ದರೆ ಫ್ಯಾನ್ ಸುತ್ತಲಿನ ಕವಚದೊಳಗೆ ಒಣಗಿ ಕಲ್ಲಾದ ಕೆಸರೋ, ಸಿಕ್ಕಿಕೊಂಡ ಕಡ್ಡಿಯೋ ಇರಬಹುದು, ಅಥವಾ ಮೋಟಾರಿನ ಒಳಗೇ ತುಕ್ಕು ಹಿಡಿದಿರಬಹುದು. ಅಕ್ಷವನ್ನು ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿದಾಗ ಲಡಲಡ ಎನ್ನುವ ಮೋಟಾರಿನ ರೆಕ್ಕೆ ಇಂದಲ್ಲ ನಾಳೆ ಕವಚಕ್ಕೆ ತಗಲುತ್ತದೆ.

ರೆಕ್ಕೆಗಳ ತುದಿ ಮುರಿದಿದ್ದರೆ, ರೇಡಿಯೇಟರ್ ಮೈಮೇಲೆ ವೃತ್ತಾಕಾರದ ಗೀರು ಇದೆಯೇ ಎಂದು ಹುಡುಕಿ. ಇದ್ದರೆ ಅದು ನೀರಿಗಿಳಿದ ಗುರುತು. ಹಳ್ಳ ದಾಟುವಾಗ ತಿರುಗುತ್ತಿರುವ ಫ್ಯಾನ್ ನೀರಿನಲ್ಲಿ ಮುಳುಗಿದರೆ ಅದು ದೋಣಿಯ ಪ್ರೊಪೆಲರ್‌ನಂತೆ ವರ್ತಿಸುತ್ತದೆ: ಗಾಳಿಯನ್ನು ತಳ್ಳಲೆಂದು ಮಾಡಿದ ತೆಳು ಪ್ಲಾಸ್ಟಿಕ್ ರೆಕ್ಕೆಗಳು ನೀರಿನ ಭಾರಕ್ಕೆ ಮುಂದಕ್ಕೆ ಬಾಗಿ, ತಮ್ಮೆದುರಿನ ರೇಡಿಯೇಟರನ್ನೇ ಕೆರೆಯುತ್ತವೆ. ಇಂಥ ಸಂದರ್ಭದಲ್ಲಿ ಫ್ಯಾನ್ ಜೊತೆಗೆ ರೇಡಿಯೇಟರಿನ ಕೊಳವೆಗಳಲ್ಲೂ ಸೋರಿಕೆ ಇದೆಯೇ ಎಂದು ನೋಡುವುದು ಕಡ್ಡಾಯ.

ಹೊರನೋಟಕ್ಕೆ ಎಲ್ಲವೂ ಸರಿಯಿದ್ದು ಫ್ಯಾನ್ ಮಾತ್ರ ತಿರುಗುವುದಿಲ್ಲವೆಂದರೆ ವಿದ್ಯುತ್ತಿನ ಹಾದಿ ಹಿಡಿಯಬೇಕು. ವಾಹನದ ಕರೆಂಟ್ ಬೇಕಾಗುವ ಪರೀಕ್ಷೆಗಳಿಗೆ ಮಾತ್ರ ಕಳಚಿಟ್ಟ ಬ್ಯಾಟರಿ ತಂತಿಯನ್ನು ಮತ್ತೆ ಜೋಡಿಸಿ, ರೆಕ್ಕೆಯಿಂದ ಕೈ ದೂರವಿಡಿ; ಬಿಚ್ಚುವ ಮುನ್ನ ಅದನ್ನು ಮತ್ತೆ ಕಳಚಿ. ಆ ಹಾದಿ ಹೀಗಿದೆ: ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ (ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್), ರಿಲೇಯಿಂದ ಕನೆಕ್ಟರ್, ಅಲ್ಲಿಂದ ಮೋಟಾರು, ಮೋಟಾರಿನಿಂದ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುವ ದಾರಿ. ರಿಲೇಗೆ ಆಜ್ಞೆ ಕೊಡುವುದು ಕೂಲೆಂಟಿನ ಬಿಸಿಯನ್ನು ಅಳೆಯುವ ಸೆನ್ಸರ್ ಮತ್ತು ಅದನ್ನು ಓದುವ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಹಳೆಯ ಮಾದರಿಗಳಲ್ಲಿ ಬಿಸಿಗೆ ತಾನಾಗಿ ಕೂಡಿಕೊಳ್ಳುವ ಬರೀ ಒಂದು ಥರ್ಮೋ ಸ್ವಿಚ್ ಇರುತ್ತದೆ.

ಫ್ಯೂಸ್ ನೋಡುವುದು ಅರ್ಧ ನಿಮಿಷದ ಕೆಲಸ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಇನ್ನೊಂದನ್ನು ಹಾಕಿ. ಅದೂ ಸುಟ್ಟರೆ ಮೋಟಾರು ಬಿಗಿದಿದೆ ಅಥವಾ ಎಲ್ಲೋ ವೈರು ಉಜ್ಜಿ ಚಾಸಿಗೆ ತಗಲುತ್ತಿದೆ ಎಂದರ್ಥ. ‘ಪದೇ ಪದೇ ಸುಡುತ್ತಿದೆ’ ಎಂದು ದೊಡ್ಡ ಫ್ಯೂಸ್ ಹಾಕುವವರಿದ್ದಾರೆ. ಆಮೇಲೆ ಫ್ಯೂಸಿನ ಬದಲು ವೈರಿನ ಕಟ್ಟೇ ಸುಡುತ್ತದೆ. ಕೆಲವು ವಾಹನಗಳಲ್ಲಿ ಫ್ಯೂಸಿನ ಜಾಗದಲ್ಲಿ ತಣಿದ ಮೇಲೆ ತಾನಾಗಿ ಮತ್ತೆ ಕೂಡಿಕೊಳ್ಳುವ ಸರ್ಕ್ಯೂಟ್ ಬ್ರೇಕರ್ ಇರುತ್ತದೆ. ಇದು ಮೋಸಗಾರ. ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ನಿಲ್ಲುತ್ತದೆ, ನೀವು ವಾಹನ ನಿಲ್ಲಿಸಿ ಬಾನೆಟ್ ತೆರೆಯುವಷ್ಟರಲ್ಲಿ ಮತ್ತೆ ಏನೂ ಆಗದಂತೆ ತಿರುಗುತ್ತಿರುತ್ತದೆ. ಈ ಲಕ್ಷಣ ಕಂಡರೆ ಹೆಚ್ಚು ಕರೆಂಟ್ ಎಳೆಯುತ್ತಿರುವ ಮೋಟಾರಿನ ಮೇಲೆ ಮೊದಲ ಅನುಮಾನ, ಬ್ರೇಕರಿನ ಮೇಲೆ ಎರಡನೆಯದು.

ಮುಂದಿನ ಪರೀಕ್ಷೆಯಿಂದ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಫ್ಯಾನ್ ಕನೆಕ್ಟರನ್ನು ಕಳಚಿ, ನಡುವೆ ಫ್ಯೂಸ್ ಇರುವ ಎರಡು ವೈರುಗಳ ಮೂಲಕ ಮೋಟಾರಿಗೆ ಪ್ರತ್ಯೇಕವಾದ 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಡಿ. ಫ್ಯಾನ್ ಜೋರಾಗಿ ತಿರುಗಿದರೆ ಮೋಟಾರು ನಿರಪರಾಧಿ, ದೋಷ ಅದರ ಹಿಂದಿನ ಹಾದಿಯಲ್ಲಿದೆ. ತಿರುಗದಿದ್ದರೆ ಅಥವಾ ಕುಂಟುತ್ತಾ ತಿರುಗಿದರೆ ಮೋಟಾರನ್ನೇ ಬಿಚ್ಚಬೇಕು.

ದೋಷ ಹಿಂದಿನ ಹಾದಿಯಲ್ಲಿದ್ದಾಗ, ಅದೇ ಪೆಟ್ಟಿಗೆಯಲ್ಲಿರುವ ಅಂಥದೇ ಇನ್ನೊಂದು ರಿಲೇಯನ್ನು ಅದಲುಬದಲು ಮಾಡಿ ನೋಡುವುದು ಸುಲಭೋಪಾಯ. ಮೀಟರ್ ಇದ್ದರೆ ರಿಲೇಯ 85 ಮತ್ತು 86 ಸಂಖ್ಯೆಯ ಕಾಲುಗಳ ನಡುವಿನ ವಿದ್ಯುತ್ ತಡೆಯನ್ನು (ರೆಸಿಸ್ಟೆನ್ಸ್) ರಿಲೇ ಹೊರತೆಗೆದು ಅಳೆಯಿರಿ. ಸಾಮಾನ್ಯವಾಗಿ 50ರಿಂದ 120 ಓಮ್ ಒಳಗಿನ ಅಂಕಿ ಬರಬೇಕು. ಥರ್ಮೋ ಸ್ವಿಚ್ ಇರುವ ವಾಹನದಲ್ಲಿ ಅದರ ಎರಡೂ ವೈರುಗಳನ್ನು ಜೋಡಿಸಿದಾಗ ಫ್ಯಾನ್ ಓಡಿದರೆ ಸ್ವಿಚ್ ಸತ್ತಿದೆ. ಇಸಿಯು ಇರುವ ವಾಹನಗಳಲ್ಲಿ ಸೆನ್ಸರಿನ ಪ್ಲಗ್ ಕಿತ್ತರೆ, ಮುನ್ನೆಚ್ಚರಿಕೆಯಾಗಿ ಇಸಿಯು ಫ್ಯಾನನ್ನು ಓಡಿಸುವುದುಂಟು. ನಿಮ್ಮ ವಾಹನ ಹಾಗೆ ಮಾಡುತ್ತದೆಯೇ ಎಂಬುದನ್ನು ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಂಡೇ ಈ ಪ್ರಯೋಗ ಮಾಡಿ.

ಬಹಳ ಜನ ಕಡೆಗಣಿಸುವುದು ಕನೆಕ್ಟರ್ ಮತ್ತು ಅರ್ಥ್ ಸಂಪರ್ಕಗಳನ್ನು. ಮೀಟರಿನಲ್ಲಿ 12 ವೋಲ್ಟ್ ತೋರಿಸಿತು ಎಂದಮಾತ್ರಕ್ಕೆ ವೈರು ಸರಿಯಿದೆ ಎಂದಲ್ಲ. ಒಂದೇ ಎಳೆ ಉಳಿದಿರುವ ವೈರಿನಲ್ಲೂ ಹೊರೆ ಇಲ್ಲದಿದ್ದಾಗ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ. ಆದ್ದರಿಂದ ಫ್ಯಾನ್ ಓಡುತ್ತಿರುವಾಗಲೇ ಅಳೆಯಬೇಕು: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಫ್ಯಾನಿನ ಅರ್ಥ್ ವೈರಿನ ಮೇಲೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು ಅಥವಾ ಸಡಿಲ ಜೋಡಣೆ ಇದೆ. ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ. ಕನೆಕ್ಟರಿನ ಪ್ಲಾಸ್ಟಿಕ್ ಕಂದಿದ್ದರೆ ಅಥವಾ ಕರಗಿದ್ದರೆ ಮೀಟರ್ ಕೂಡ ಬೇಕಿಲ್ಲ, ಅದನ್ನು ಬದಲಿಸಲೇಬೇಕು.

ಬಿಚ್ಚುವುದು

ಫ್ಯಾನ್ ಮತ್ತು ಅದರ ಸುತ್ತಲಿನ ಕವಚ, ಅಂದರೆ ಮೆಕ್ಯಾನಿಕ್‌ಗಳು ಶ್ರೌಡ್ ಎನ್ನುವ ಭಾಗ, ಸಾಮಾನ್ಯವಾಗಿ ಮೂರು ಇಲ್ಲವೇ ನಾಲ್ಕು ಸಣ್ಣ ಬೋಲ್ಟ್‌ಗಳಿಂದ ರೇಡಿಯೇಟರಿನ ಬೆನ್ನಿಗೆ ಕೂತಿರುತ್ತವೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ವೈರುಗಳ ದಾರಿಯ ನಾಲ್ಕಾರು ಚಿತ್ರ ತೆಗೆದಿಟ್ಟುಕೊಳ್ಳಿ, ಫ್ಯಾನ್ ತಿರುಗುವ ದಿಕ್ಕನ್ನು ಕವಚದ ಮೇಲೆ ಬಾಣದ ಗುರುತಿನಿಂದ ಬರೆದಿಡಿ. ರೇಡಿಯೇಟರ್ ಮತ್ತು ಫ್ಯಾನಿನ ನಡುವೆ ಒಂದು ರಟ್ಟನ್ನು ತೂರಿಸಿಟ್ಟರೆ, ಫ್ಯಾನ್ ಹೊರಗೆಳೆಯುವಾಗ ರೇಡಿಯೇಟರಿನ ಶಾಖ ಹೊರಹಾಕುವ ತೆಳ್ಳನೆಯ ಲೋಹದ ಫಿನ್‌ಗಳು ಮಡಚಿಕೊಳ್ಳುವುದು ತಪ್ಪುತ್ತದೆ. ಜಾಗ ಸಾಲದ ವಾಹನಗಳಲ್ಲಿ ರೇಡಿಯೇಟರಿನ ಮೇಲಿನ ಬೋಲ್ಟ್ ಸಡಿಲಿಸಿ ಅದನ್ನು ಸ್ವಲ್ಪ ಮುಂದಕ್ಕೆ ವಾಲಿಸಬೇಕಾಗುತ್ತದೆ. ಹೋಸ್ ಪೈಪುಗಳ ಮೇಲೆ ಎಳೆತ ಬೀಳದಂತೆ ನೋಡಿಕೊಳ್ಳಿ.

ರೆಕ್ಕೆಯನ್ನು ಮೋಟಾರಿನಿಂದ ಬೇರ್ಪಡಿಸುವಾಗ ಅವಸರ ಬೇಡ. ಕೆಲವು ಮಾದರಿಗಳಲ್ಲಿ ನಡುವಿನ ನಟ್ ಎಡಸುತ್ತಿನದು, ಎಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ತಿಳಿಯದೆ ಎಡಕ್ಕೆ ಬಲ ಹಾಕಿ ಅಕ್ಷವನ್ನೇ ಮುರಿದವರು ಕಡಿಮೆಯಿಲ್ಲ. ಇನ್ನು ಕೆಲವಲ್ಲಿ ನಟ್ ಬದಲು ಕ್ಲಿಪ್ ಇರುತ್ತದೆ.

ಏನನ್ನು ರಿಪೇರಿ ಮಾಡಬಹುದು, ಏನನ್ನು ಮಾಡಬಾರದು

ಮುರಿದ ರೆಕ್ಕೆಯನ್ನು ಅಂಟಿಸಬೇಡಿ. ನಾನೂ ಒಮ್ಮೆ ಎಪಾಕ್ಸಿ ಹಚ್ಚಿ ಜಾಣತನ ತೋರಿಸಿದ್ದೆ. ಅಂಟು ಹಿಡಿದಿತ್ತು, ಆದರೆ ಒಂದು ಬದಿಗೆ ಕೂಡಿದ ಕೆಲವೇ ಗ್ರಾಂ ತೂಕ ಇಡೀ ಫ್ಯಾನನ್ನು ನಡುಗಿಸಿತು. ಕೊನೆಗೆ ಹಾರಿದ ಚೂರು ರೇಡಿಯೇಟರಿನ ಕೊಳವೆಯನ್ನು ಸೀಳಿತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ವಸ್ತುವಿನಲ್ಲಿ ಸಮತೋಲ ತಪ್ಪಿದರೆ ಬೇರಿಂಗ್ ಬಾಳುವುದಿಲ್ಲ. ಒಂದೇ ರೆಕ್ಕೆ ಮುರಿದಿದ್ದರೂ ಇಡೀ ರೆಕ್ಕೆಚಕ್ರವನ್ನು ಬದಲಿಸಬೇಕು. ಅದು ಬಿಡಿಯಾಗಿ ಸಿಗದಿದ್ದರೆ ಮೋಟಾರು ಸಮೇತ ಬದಲಿಸಬೇಕು. ನಡುವಿನ ಗುಂಬದಿಂದ ಹೊರಟ ಕೂದಲೆಳೆಯಂಥ ಬಿರುಕಿಗೂ ಇದೇ ನಿಯಮ.

ಕವಚದ ಮಾತು ಬೇರೆ. ಅದು ತಿರುಗುವುದಿಲ್ಲವಾದ್ದರಿಂದ ಬಿರುಕಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದು ಬಿರುಕು ಮುಂದುವರಿಯದಂತೆ ತಡೆದು, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಬಹುದು. ಕವಚವನ್ನು ಬಿಸಾಡಿ ಬರೀ ಫ್ಯಾನ್ ಕೂರಿಸುವುದು ಮಾತ್ರ ಸಲ್ಲ: ಕವಚವಿಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ.

ಮೋಟಾರು ಸ್ಕ್ರೂಗಳಿಂದ ಬಿಗಿದಿದ್ದರೆ ಬಿಚ್ಚಿ ನೋಡಬಹುದು. ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದಿದ್ದರೆ ಬದಲಿಸಿ, ಕಪ್ಪಾದ ಕಮ್ಯುಟೇಟರನ್ನು (ಬ್ರಷ್‌ಗಳು ಉಜ್ಜುವ ತಾಮ್ರದ ಉರುಳೆ) ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳಿಂದ ಪುಡಿಯನ್ನು ತೆಗೆಯಿರಿ. ಅಕ್ಷ ಕೂತು ತಿರುಗುವ ಲೋಹದ ಬಳೆಗೆ, ಅಂದರೆ ಬುಷ್‌ಗೆ, ಒಂದೇ ತೊಟ್ಟು ಎಣ್ಣೆ ಸಾಕು. ಅದು ಬ್ರಷ್‌ಗಳ ಕಡೆ ಹರಿಯಬಾರದು. ತಗಡಿನ ಅಂಚು ಮಡಚಿ ಮುಚ್ಚಿದ ಮೋಟಾರನ್ನು ಬಿಚ್ಚಿದರೆ ಅದು ಮತ್ತೆ ನೀರು ನುಗ್ಗದಂತೆ ಮುಚ್ಚಿಕೊಳ್ಳುವುದಿಲ್ಲ. ಹಳ್ಳ ದಾಟುವ ವಾಹನಕ್ಕೆ ಅಂಥ ಮೋಟಾರನ್ನು ಬದಲಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಬಿಸಿ ಮೋಟಾರು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸಣ್ಣ ಸಂದಿನಿಂದಲೂ ನೀರನ್ನು ಹೀರಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಕೆಲವು ಮೋಟಾರುಗಳಿಗೆ ಉಸಿರಾಟದ ಸಣ್ಣ ಕೊಳವೆ ಕೊಟ್ಟಿರುತ್ತಾರೆ. ಅದರ ಬಾಯಿ ಎತ್ತರದಲ್ಲಿರಬೇಕು, ಕೆಸರಿನಿಂದ ಮುಚ್ಚಿರಬಾರದು.

ಫ್ಯಾನ್ ಹೊರಗಿರುವಾಗಲೇ ರೇಡಿಯೇಟರನ್ನು ತೊಳೆಯಿರಿ. ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ. ಕೊಳೆ ಬಂದದ್ದು ಮುಂದಿನಿಂದ, ಆದ್ದರಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ಹಾಯಿಸಬೇಕು. ಪ್ರೆಶರ್ ವಾಷರನ್ನು ಹತ್ತಿರ ಹಿಡಿದರೆ ಫಿನ್‌ಗಳು ಮಲಗಿಬಿಡುತ್ತವೆ. ಸಾಧಾರಣ ಪೈಪಿನ ನೀರು, ತುಸು ಸೋಪು ಮತ್ತು ತಾಳ್ಮೆ ಸಾಕು. ಮಡಚಿದ ಫಿನ್‌ಗಳನ್ನು ಫಿನ್ ಬಾಚಣಿಗೆಯಿಂದ ನೆಟ್ಟಗೆ ಮಾಡಿ. ಈ ನಡುವೆ ಕೂಲೆಂಟ್ ಚೆಲ್ಲಿದ್ದರೆ ಕೂಡಲೇ ಒರೆಸಿ: ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ, ಮಕ್ಕಳೂ ನಾಯಿ ಬೆಕ್ಕುಗಳೂ ನೆಕ್ಕುವ ಅಪಾಯವಿದೆ.

ಮತ್ತೆ ಕೂರಿಸುವುದು

ಹೊಸ ಫ್ಯಾನನ್ನು ಕವಚಕ್ಕೆ ಬಿಗಿದ ನಂತರ ಕೈಯಿಂದ ಒಂದು ಸುತ್ತು ತಿರುಗಿಸಿ, ರೆಕ್ಕೆಯ ತುದಿ ಮತ್ತು ಕವಚದ ನಡುವಿನ ಸಂದು ಎಲ್ಲೆಡೆ ಒಂದೇ ಸಮನಾಗಿದೆಯೇ ನೋಡಿ. ಪ್ಲಾಸ್ಟಿಕ್ಕಿಗೆ ಕೂರುವ ಸಣ್ಣ ಬೋಲ್ಟ್‌ಗಳನ್ನು ಹದವಾಗಿ ಬಿಗಿದರೆ ಸಾಕು. ತೋಳಿನ ಬಲ ತೋರಿಸಿದರೆ ಹೊಸ ಬಿರುಕು ಗ್ಯಾರಂಟಿ. ರಬ್ಬರ್ ವಾಷರ್‌ಗಳಿದ್ದರೆ ಅವನ್ನು ಬಿಡದೆ ಹಾಕಿ. ಹೊಸ ಕನೆಕ್ಟರ್ ಜೋಡಿಸುವಾಗ ಟೇಪು ಸುತ್ತಿ ಕೈತೊಳೆದುಕೊಳ್ಳದೆ, ಸರಿಯಾದ ಟರ್ಮಿನಲ್ ಕ್ರಿಂಪ್ ಮಾಡಿ (ಇಕ್ಕಳದಿಂದ ವೈರಿಗೆ ಅದುಮಿ ಬಿಗಿದು), ಬಿಸಿಗೆ ಕುಗ್ಗಿ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಒಳಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ವೈರು ರೆಕ್ಕೆಗೂ ಎಕ್ಸಾಸ್ಟ್ ಪೈಪಿಗೂ ತಗಲದಂತೆ ಕಟ್ಟಿ.

ಬ್ಯಾಟರಿ ಜೋಡಿಸಿ ಫ್ಯಾನ್ ಓಡಿಸಿದಾಗ ಮೊದಲು ನೋಡಬೇಕಾದದ್ದು ದಿಕ್ಕು. ಮೋಟಾರಿನ ಎರಡು ವೈರುಗಳು ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ, ಸದ್ದು ಮಾತ್ರ ಮಾಮೂಲಿನಂತೆಯೇ ಕೇಳುತ್ತದೆ. ರೇಡಿಯೇಟರಿನ ಮುಂದೆ ಒಂದು ಹಾಳೆ ಹಿಡಿಯಿರಿ; ಹಿಂದಿನಿಂದ ಗಾಳಿ ಎಳೆಯುವ ಫ್ಯಾನ್ ಆ ಹಾಳೆಯನ್ನು ರೇಡಿಯೇಟರಿಗೆ ಅಂಟಿಸಿಕೊಳ್ಳಬೇಕು. ತೂರಿ ಎಸೆದರೆ ವೈರು ತಿರುವುಮುರುವಾಗಿದೆ. ಕರೆಂಟ್ ಅಳೆಯುವ ಆಸೆಯಿದ್ದರೆ ಡಿಸಿ ಕ್ಲ್ಯಾಂಪ್ ಮೀಟರ್ ಬಳಸಿ. ಸಾಮಾನ್ಯ ಮಲ್ಟಿಮೀಟರುಗಳ ಮಿತಿ 10 ಆಂಪಿಯರ್, ಫ್ಯಾನ್ ಹೊರಡುವ ಕ್ಷಣದಲ್ಲಿ ಅದನ್ನು ದಾಟುತ್ತದೆ.

ಬಳಿಕ ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನ್ ಓಡಿಸಿ, ಕೈಪಿಡಿಯಲ್ಲಿ ಹೇಳಿದ ಉಷ್ಣಾಂಶಕ್ಕೆ ಫ್ಯಾನ್ ತಾನಾಗಿ ಹೊರಟು, ಬಿಸಿ ಇಳಿದ ಮೇಲೆ ತಾನಾಗಿ ನಿಲ್ಲುವವರೆಗೆ ಪಕ್ಕದಲ್ಲೇ ಇರಿ. ಎರಡು ಮೂರು ಬಾರಿ ಹೀಗಾದರೆ ಕೆಲಸ ಸರಿಯಾಗಿದೆ. ಫ್ಯಾನ್ ಚೆನ್ನಾಗಿ ಓಡುತ್ತಿದ್ದೂ ಬಿಸಿ ಏರುತ್ತಲೇ ಇದ್ದರೆ ಎಂಜಿನ್ ನಿಲ್ಲಿಸಿ. ಆಗ ಹುಡುಕಬೇಕಾದದ್ದು ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟಿನ ಹರಿವನ್ನು ತೆರೆಯುವ ಕವಾಟ), ನೀರಿನ ಪಂಪು, ಕೂಲೆಂಟಿನ ಮಟ್ಟ ಅಥವಾ ಒಳಗೆ ಸಿಕ್ಕಿಕೊಂಡ ಗಾಳಿಯನ್ನು. ಎಂಜಿನ್ ನಿಂತ ತಕ್ಷಣ ಕೀಲಿ ತೆಗೆದು, ರೆಕ್ಕೆಯಿಂದ ಕೈಯನ್ನು ದೂರವಿಟ್ಟು, ಹೊಸ ಕನೆಕ್ಟರನ್ನು ಬೆರಳಿನಿಂದ ಮುಟ್ಟಿ ನೋಡಿ. ಸುತ್ತಲಿನ ವೈರಿಗಿಂತ ಅದು ಹೆಚ್ಚು ಬಿಸಿಯಾಗಿದ್ದರೆ ಕ್ರಿಂಪ್ ಸರಿಯಾಗಿ ಕೂತಿಲ್ಲ. ಅದನ್ನು ಕತ್ತರಿಸಿ ಮತ್ತೆ ಮಾಡಿ.