ಚಳಿಗಾಲಕ್ಕೊಂದು ಕೌದಿ: ಹಳೆ ಸೀರೆ ಆರಿಸುವುದರಿಂದ ಮೂಲೆಯ ಹೂವಿನವರೆಗೆ

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಡಿಸೆಂಬರ್–ಜನವರಿಯ ರಾತ್ರಿಗೆ ದಪ್ಪ ಹೊದಿಕೆಯೇ ಬೇಕು. ಕೆಳಗೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಬೆಳಗಿನ ಜಾವಕ್ಕೆ ತೆಳುವಾದದ್ದೊಂದು ಕೈಗೆ ಸಿಕ್ಕರೆ ಸಾಕು. ಹಳೆ ಬಟ್ಟೆಯ ಪದರಗಳನ್ನು ಕೂಡಿಸಿ, ಮೇಲೆ ತುಂಡುಗಳನ್ನಿಟ್ಟು ಹೊಲಿದ ಕೌದಿ ಎರಡೂ ಕಡೆ ಒಗ್ಗುತ್ತದೆ, ಪದರ ಹೆಚ್ಚು ಕಡಿಮೆ ಮಾಡಿಕೊಂಡರಾಯಿತು. ಹೊಲಿಯಲು ಕೂರುವುದಕ್ಕೂ ಇದೇ ಕಾಲ. ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಬೇಸಿಗೆಯಲ್ಲಿ ಬೆವರಿದ ಬೆರಳಿಂದ ಸೂಜಿ ಜಾರುತ್ತದೆ, ತೊಡೆಯ ಮೇಲೆ ಅಷ್ಟು ಬಟ್ಟೆ ಹರವಿಕೊಂಡು ಕೂರುವುದಂತೂ ಬೇಡವೇ ಬೇಡ.

ಕೌದಿ ಕೆಟ್ಟರೆ ಹೊಲಿಗೆಯನ್ನು ದೂರುವುದು ರೂಢಿ. ಸಾಲು ಸೊಟ್ಟಗಾದ ಕೌದಿ ವರ್ಷಗಟ್ಟಲೆ ಬಾಳುತ್ತದೆ. ಬಟ್ಟೆ ಆರಿಸುವಲ್ಲಿ ಎಡವಿದ್ದು ಮೊದಲ ಒಗೆತಕ್ಕೇ ಸುಕ್ಕುಗಟ್ಟಿ, ಬಣ್ಣ ಬಿಟ್ಟು, ತುಂಡಿನ ಅಂಚಲ್ಲಿ ಹರಿದುಕೊಂಡು ಮೂಲೆ ಸೇರುತ್ತದೆ. ಆದ್ದರಿಂದ ಸೂಜಿ ಪೋಣಿಸುವ ಮುಂಚಿನ ಕೆಲಸಕ್ಕೆ ಒಂದೆರಡು ದಿನ ಇಟ್ಟುಕೊಳ್ಳಿ.

ಬಟ್ಟೆ ಆರಿಸುವುದು

ಕೌದಿಗೆ ಹತ್ತಿ ಬಟ್ಟೆ, ಅದರಲ್ಲೂ ಉಟ್ಟು ಒಗೆದು ಮೆತ್ತಗಾದ ಸೀರೆ, ಪಂಚೆ, ಬೆಡ್‌ಶೀಟು. ಈಗಿನ ಸೀರೆಗಳಲ್ಲಿ ಯಾವುದು ಅಪ್ಪಟ ಹತ್ತಿ, ಯಾವುದರಲ್ಲಿ ಪಾಲಿಯೆಸ್ಟರ್ ಬೆರೆತಿದೆ ಎಂಬುದು ಮುಟ್ಟಿದರೆ ತಿಳಿಯುವುದಿಲ್ಲ. ಅಂಚಿನಿಂದ ನಾಲ್ಕೈದು ಎಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಸುರುಟಿಕೊಂಡು ಗಟ್ಟಿ ಗುಂಡಾಗುತ್ತದೆ. ಬೆರಕೆ ಬಟ್ಟೆಯನ್ನು ಒಳಪದರಕ್ಕೂ ಹಾಕಬೇಡಿ. ಹತ್ತಿ ಪದರಗಳ ನಡುವೆ ಅದು ಜಾರುತ್ತಲೇ ಇರುತ್ತದೆ.

ಆಮೇಲೆ ಸವೆತದ ಪರೀಕ್ಷೆ. ಬಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದರೆ ಎಲ್ಲಿ ಎಳೆ ತೆಳುವಾಗಿದೆ ಎಂದು ಕಾಣುತ್ತದೆ. ಸೀರೆಯಲ್ಲಿ ಸಾಮಾನ್ಯವಾಗಿ ಕೂರುವ ಜಾಗ, ಕಾಲಿಗೆ ತಾಗುವ ಅಂಚು ಮೊದಲು ಸವೆದಿರುತ್ತವೆ. ಎರಡು ಹೆಬ್ಬೆರಳಿಟ್ಟು ಅಡ್ಡಕ್ಕೂ ಉದ್ದಕ್ಕೂ ಎಳೆಯಿರಿ. ಚರ್ ಎಂದರೆ ಅದು ಒಳಪದರಕ್ಕೆ. ಸದ್ದಿಲ್ಲದೆ ತಡೆದುಕೊಂಡರೆ ಮೇಲ್ಮೈಗೂ ಅಡಿಗೂ ಆಗುತ್ತದೆ. ಅಡಿಕೆ ಸುಲಿಯುವಾಗ ಉಟ್ಟ ಸೀರೆಯ ಚೊಗರಿನ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ. ಕಲೆ ಬಟ್ಟೆಯನ್ನು ಕೆಡಿಸುವುದಿಲ್ಲವಾದ್ದರಿಂದ ಅಂಥದ್ದೂ ಒಳಗೆ ಸಲೀಸಾಗಿ ಸೇರುತ್ತದೆ.

ಬೇಡವಾದವು ಇನ್ನೂ ಇವೆ. ಬನಿಯನ್, ಟೀ ಶರ್ಟಿನ ಹೆಣಿಗೆ ಬಟ್ಟೆ ಎಳೆದತ್ತ ಹಿಗ್ಗುವುದರಿಂದ ಮೇಲ್ಮೈ ಅಲೆ ಅಲೆಯಾಗುತ್ತದೆ. ಜೀನ್ಸ್ ಬಟ್ಟೆ ಸೂಜಿಯನ್ನು ಮುರಿಯುತ್ತದೆ, ಒಣಗಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಕರಾವಳಿಯ ಗಾಳಿಯಲ್ಲಿ ಅಷ್ಟು ಹೊತ್ತು ತೇವ ನಿಂತರೆ ಮುಗ್ಗುಲು ವಾಸನೆ ಖಾತ್ರಿ. ಉಣ್ಣೆಯ ಹಳೆ ಸ್ವೆಟರ್ ಒಳಗೆ ತುಂಬಿದರೆ ಬೆಚ್ಚಗಿರುತ್ತದೆಂಬುದು ನಿಜವಾದರೂ, ಒಗೆದಾಗ ಅದೊಂದೇ ಕುಗ್ಗಿ ಸುತ್ತಲಿನದನ್ನೆಲ್ಲ ಎಳೆದುಕೊಳ್ಳುತ್ತದೆ. ಜರಿ ಅಂಚನ್ನು ಕತ್ತರಿಸಿ ತೆಗೆಯಿರಿ, ಕುತ್ತಿಗೆಗೆ ತಾಗಿದರೆ ಗೀರುತ್ತದೆ. ಗುಂಡಿ, ಹುಕ್ಕು, ಜೇಬು, ಕಾಲರು ಯಾವುದೂ ಉಳಿಯಬಾರದು.

ಆರಿಸಿದ್ದನ್ನೆಲ್ಲ ಒಮ್ಮೆ ಬಿಸಿನೀರಲ್ಲಿ ಒಗೆದು ಗಂಜಿ ಬಿಡಿಸಿ. ಗಂಜಿ ಉಳಿದ ಬಟ್ಟೆಗೆ ಜಿರಲೆ ಬರುತ್ತದೆ, ಸೂಜಿಯೂ ಗಡುಸಾಗಿ ಹೋಗುತ್ತದೆ. ಟೈಲರ್ ಅಂಗಡಿಯಿಂದ ತಂದ ಚೂರುಗಳಿಗೆ ಈ ಒಗೆತ ತಪ್ಪಿಸಲೇಬಾರದು. ಅವು ಹೊಸ ಬಟ್ಟೆ, ಇನ್ನೂ ಕುಗ್ಗಬೇಕಾದವು. ಕೆಂಪು, ಕಡುನೀಲಿ, ಕಪ್ಪನ್ನು ಬೇರೆಯಾಗಿ ನೆನೆಸಿ. ಒದ್ದೆಯಿದ್ದಾಗಲೇ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ. ಉಪ್ಪು ನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎನ್ನುವವರಿದ್ದಾರೆ, ನಂಬಿ ಕೂರಬೇಡಿ. ನೀರು ತಿಳಿಯಾಗುವವರೆಗೆ ಒಗೆಯುವುದು, ಆಗದಿದ್ದರೆ ಆ ತುಂಡನ್ನು ಬಿಟ್ಟುಬಿಡುವುದು, ಇವೆರಡೇ ದಾರಿ.

ಒಂದು ಸೀರೆಯ ಲೆಕ್ಕ

ಒಬ್ಬರು ಹೊದೆಯುವ ಕೌದಿಗೆ ಐದೂವರೆ ಮೀಟರಿನ ಒಂದು ಸೀರೆ ಚೊಕ್ಕವಾಗಿ ಹೊಂದುತ್ತದೆ. ಅದರ ಉದ್ದ ಸುಮಾರು 216 ಇಂಚು, ಅಗಲ 44–45 ಇಂಚು. ಉದ್ದದಲ್ಲಿ 54 ಇಂಚಿನಂತೆ ನಾಲ್ಕು ಸಮ ತುಂಡು ಮಾಡಿ. ಎರಡೆರಡನ್ನು ಸೀರೆಯ ಅಂಚಿಗೆ ಅಂಚು ಸೇರಿಸಿ ಅರ್ಧ ಇಂಚು ಒಳಗೆ ಹೊಲಿದರೆ 54×88 ಇಂಚಿನ ಎರಡು ಹಾಳೆ ಸಿಗುತ್ತವೆ. ಈ ಜೋಡಣೆಯನ್ನು ಮಿಷನ್‌ನಲ್ಲೇ ಮಾಡಬಹುದು. ಗಟ್ಟಿಯಿರುವ ಹಾಳೆ ಅಡಿಗೆ. ಇನ್ನೊಂದನ್ನು ಅಗಲದಲ್ಲಿ ಎರಡೂ ಕಡೆ ಒಂದೊಂದು ಇಂಚು, ಉದ್ದದಲ್ಲಿ ಒಂದೇ ಕಡೆ ಎರಡು ಇಂಚು ಕತ್ತರಿಸಿ 52×86 ಮಾಡಿ ಒಳಪದರಕ್ಕೆ ಇಟ್ಟುಕೊಳ್ಳಿ. ಹೊಲಿದು ಮುಗಿದಾಗ ಕೌದಿ ಎರಡು ಇಂಚಿನಷ್ಟು ಎಳೆದುಕೊಂಡು ಸುಮಾರು ನಾಲ್ಕಡಿ ಅಗಲ, ಏಳಡಿ ಉದ್ದಕ್ಕೆ ನಿಲ್ಲುತ್ತದೆ.

ಕಾರವಾರದ ಚಳಿಗೆ ಅಡಿ, ಒಂದು ಒಳಪದರ, ಮೇಲೆ ತುಂಡುಗಳು, ಇಷ್ಟು ಸಾಕು. ಘಟ್ಟದ ಮೇಲಾದರೆ ಇನ್ನೆರಡು ಒಳಪದರ ಸೇರಿಸಿ. 60×90 ಇಂಚಿನ ಹಳೆ ಬೆಡ್‌ಶೀಟು ಒಂದು ಪದರಕ್ಕೆ ಸರಿಹೋಗುತ್ತದೆ. ಉದ್ದನೆಯ ಪಂಚೆಯನ್ನು ಸೀರೆಯಂತೆಯೇ ತುಂಡು ಮಾಡಿ ಜೋಡಿಸಿದರೆ ಇನ್ನೊಂದಾಯಿತು. ತುಂಡುಗಳ ಅಂಚು ಮಡಚಿ ಒಂದರ ಮೇಲೊಂದು ಬರುವಲ್ಲಿ ಪದರ ತಾನಾಗಿ ಒಂದೆರಡು ಹೆಚ್ಚುತ್ತದೆ ಎಂಬುದು ನೆನಪಿರಲಿ. ಏಳರಾಚೆ ಹೋದರೆ ಸೂಜಿ ದಾಟುವುದಿಲ್ಲ, ದಾಟಿಸಿದರೆ ಮಣಿಕಟ್ಟು ನೋಯುತ್ತದೆ. ಮೇಲ್ಮೈಗೆ ಬೇಕಾಗುವ ತುಂಡು ಒಟ್ಟಾರೆ ಒಂದು ಸೀರೆಯ ಮುಕ್ಕಾಲು ಭಾಗದಷ್ಟು. ಅಂಗೈಗಿಂತ ಚಿಕ್ಕ ಚೂರು ಬೇಡ, ಎರಡು ಗೇಣಿಗಿಂತ ದೊಡ್ಡದೂ ಬೇಡ.

ಮೊದಲ ಸಲ ಕೂರುವವರು ಇಷ್ಟು ದೊಡ್ಡದಕ್ಕೆ ಕೈಹಾಕದೆ ಎಂಟಿಂಚು ಚೌಕದ ಮಸಿಬಟ್ಟೆಯಲ್ಲಿ ಕೈ ಕುದುರಿಸಿಕೊಳ್ಳಲಿ. ಅದಕ್ಕೆ ಅಪ್ಪಟ ಹತ್ತಿಯೇ ಆಗಬೇಕು, ಬಿಸಿ ಪಾತ್ರೆಗೆ ಪಾಲಿಯೆಸ್ಟರ್ ಕರಗಿ ಕೈಗೆ ಅಂಟುತ್ತದೆ. ಮುಂದಿನದು ತೊಟ್ಟಿಲ ಕೌದಿ: 30×36 ಇಂಚು, ಮೂರು ಪದರ.

ಸೂಜಿ, ದಾರ

ಗೋಣಿ ಹೊಲಿಯುವ ದಬ್ಬಣ ಬೇಡ, ಅದು ಮಾಡುವ ತೂತು ಮುಚ್ಚುವುದಿಲ್ಲ. ಎರಡು ಇಂಚಿನ ಹತ್ತಿರದ ಉದ್ದ, ಉದ್ದನೆಯ ಕಣ್ಣು ಇರುವ ಸೂಜಿ ಕೇಳಿ. ಸೂಜಿಯ ನಂಬರು ಏರಿದಷ್ಟೂ ತೆಳು. 3ರಿಂದ 5ರವರೆಗಿನದು ಕೌದಿಗೆ ಸರಿ. ದಾರ ದಪ್ಪನೆಯ ಹತ್ತಿಯದ್ದು, 10 ನಂಬರಿನದು. ನೈಲಾನ್, ಪಾಲಿಯೆಸ್ಟರ್ ದಾರ ಗಟ್ಟಿ ಎಂದು ತರುವವರುಂಟು. ದಾರವೇನೋ ಗಟ್ಟಿಯೇ, ಆದರೆ ಅದು ಮೆತ್ತಗಿನ ಹಳೆ ಹತ್ತಿಯನ್ನು ಕೊಯ್ಯುತ್ತದೆ. ಹರಿಯಬೇಕಾದರೆ ದಾರ ಹರಿಯಲಿ, ಮತ್ತೆ ಹೊಲಿಯಬಹುದು.

ಒಮ್ಮೆಗೆ ಎರಡು ಮೊಳ ದಾರ ಸಾಕು. ಉದ್ದ ತೆಗೆದುಕೊಂಡರೆ ಪ್ರತಿ ಎಳೆತಕ್ಕೂ ಬಟ್ಟೆಗೆ ಉಜ್ಜಿ ನವೆಯುತ್ತದೆ, ಸಿಕ್ಕು ಬೀಳುತ್ತದೆ. ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕು ಕಡಿಮೆ. ಶಿರಸಿ ಸುತ್ತ ಜೇನು ಸಾಕುವವರ ಮನೆಯಲ್ಲಿ ಮೇಣ ಸಿಗುತ್ತದೆ. ನಡುಬೆರಳಿಗೆ ಅಂಗುಸ್ತಾನ, ಎಂದರೆ ಸೂಜಿ ತಳ್ಳಲು ಬೆರಳ ತುದಿಗೆ ತೊಡುವ ಟೋಪಿ, ಹಾಕಿಕೊಳ್ಳಿ. ಮೊದಮೊದಲು ಅದು ಅಡ್ಡಿ ಎನಿಸುತ್ತದೆ. ಐದು ಪದರ ದಾಟಿಸುವಾಗ ಅದರ ಬೆಲೆ ತಿಳಿಯುತ್ತದೆ.

ಮುಕ್ಕಾಲು ಇಂಚಿಗೊಂದು ಸಾಲು ಹಾಕಿದರೆ ಮೇಲಿನ ಅಳತೆಯ ಕೌದಿಗೆ ಸುಮಾರು 150 ಮೀಟರ್ ಹೊಲಿಗೆಯಾಗುತ್ತದೆ. ದಾರ ಮೇಲೆ ಕೆಳಗೆ ಓಡುವುದರಿಂದ ಕಾಲು ಭಾಗ ಹೆಚ್ಚು, ಎಂದರೆ 190 ಮೀಟರ್ ಬೇಕು. ಅರ್ಧ ಇಂಚಿಗೊಂದು ಸಾಲಾದರೆ 280 ಮೀಟರ್. ಒಂದೇ ಸಲ ಕೊಂಡಿಟ್ಟುಕೊಳ್ಳಿ. ಬಿಳಿಯಲ್ಲೂ ಎರಡು ರೀಲು ಒಂದೇ ಬಿಳುಪಿರುವುದಿಲ್ಲ.

ಹಾಸುವುದು

ನುಣುಪು ನೆಲದ ಮೇಲೆ ಅಡಿಯ ಹಾಳೆಯನ್ನು ಒಳಮೈ ಮೇಲಾಗಿ ಹಾಸಿ. ಕೆಳಗೆ ಚಾಪೆ ಹಾಕಬೇಡಿ, ಸೂಜಿ ಚಾಪೆಯನ್ನೂ ಸೇರಿಸಿ ಹೊಲಿಯುತ್ತದೆ. ನಾಲ್ಕು ಮೂಲೆಗೆ ಒಂದೊಂದು ಸಿಪ್ಪೆ ಸುಲಿದ ತೆಂಗಿನಕಾಯಿ ಇಟ್ಟರೆ ಹಾಳೆ ಅಲುಗುವುದಿಲ್ಲ. ಬಟ್ಟೆ ಸಮವಾಗಿರಬೇಕು, ಬಿಗಿಯಾಗಿ ಎಳೆದಿರಬಾರದು. ಎಳೆದು ಹಾಸಿದ್ದು ಕಾಯಿ ತೆಗೆದೊಡನೆ ಹಿಂದಕ್ಕೆ ಸರಿದು ಮೇಲಿನ ಪದರವನ್ನು ನಿರಿಗೆಗಟ್ಟಿಸುತ್ತದೆ. ಒಳಪದರಗಳನ್ನು ಅದರ ಮೇಲೆ, ಸುತ್ತ ಒಂದಿಂಚು ಬಿಟ್ಟು ಹಾಸಿ. ಎಲ್ಲ ಪದರದ ಉದ್ದನೆಯ ಎಳೆ ಒಂದೇ ದಿಕ್ಕಿಗಿರಲಿ. ಜೋಡಣೆಯ ಹೊಲಿಗೆ ಒಂದರ ಮೇಲೊಂದು ಬರದಂತೆ ಒಂದಿಂಚಾದರೂ ಸರಿದಿರಲಿ.

ಈಗ ಪದರಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕಚ್ಚಾ ಹೊಲಿಗೆ. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ, ಗೇಣಿಗೊಂದು ಸಾಲು, ಎರಡೆರಡು ಇಂಚಿನ ದೊಡ್ಡ ಹೊಲಿಗೆ. ಅಂಗೈಯಿಂದ ಬಟ್ಟೆಯನ್ನು ಹೊರಕ್ಕೆ ಸವರುತ್ತ ಹೋಗಿ. ಬೇಸರದ ಕೆಲಸ ಎಂದು ಇದನ್ನು ಬಿಟ್ಟವರಿಗೆ ನಡುವೆ ಉಬ್ಬು ಏಳುವುದು ಗ್ಯಾರಂಟಿ. ಕೊನೆಗೆ ಅಡಿಯ ಹಾಳೆಯ ಒಂದಿಂಚು ಅಂಚನ್ನು ಒಳಪದರದ ಮೇಲಕ್ಕೆ ಮಡಚಿ ಅದನ್ನೂ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ.

ಅಂಚಿನಿಂದ ಒಳಕ್ಕೆ

ತುಂಡುಗಳನ್ನು ಮೊದಲೇ ಜೋಡಿಸಿ ಮೇಲ್ಮೈ ಸಿದ್ಧಮಾಡಿಕೊಳ್ಳುವ ಕ್ರಮವೂ ಇದೆ. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕ್ರಮ ಚೂರು ಬಟ್ಟೆಗೆ ಹೆಚ್ಚು ಅನುಕೂಲ. ಅಮೆರಿಕದ ವಸ್ತುಸಂಗ್ರಹಾಲಯಗಳವರೆಗೂ ಹೋಗಿಬಂದ ಕೌದಿಗಳು ಅವರವು. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೆ ತುಂಡು ಇಡುತ್ತ, ಇಟ್ಟಷ್ಟನ್ನು ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತುಂಡು ಚೌಕವಾಗಿರಬೇಕೆಂದಿಲ್ಲ, ಒಂದೇ ಅಳತೆ ಬೇಕಿಲ್ಲ.

ಮೊದಲ ತುಂಡಿನ ಹೊರ ಅಂಚನ್ನು ಕಾಲಿಂಚು ಒಳಕ್ಕೆ ಮಡಚಿ, ಕೌದಿಯ ಅಂಚಿಗೆ ಸರಿಯಾಗಿ ಕೂರಿಸಿ, ಅಂಚಿನಿಂದ ಕಾಲಿಂಚು ಬಿಟ್ಟು ಸಾದಾ ಓಟದ ಹೊಲಿಗೆ ಹಾಕಿ. ಪಕ್ಕದ ತುಂಡು ಇದರ ಮೇಲೆ ಅರ್ಧ ಇಂಚು ಹತ್ತಿಬರಲಿ, ಅದರ ಹೊರ ಅಂಚು, ಹತ್ತಿದ ಅಂಚು ಇವೆರಡನ್ನು ಮಾತ್ರ ಮಡಚಿ. ಒಳಗಿನ ಅಂಚನ್ನು ಮಡಚುವ ಗೋಜು ಬೇಡ, ಮುಂದಿನ ಸುತ್ತಿನ ತುಂಡು ಬಂದು ಅದನ್ನು ಮುಚ್ಚುತ್ತದೆ. ಹೀಗೆ ಮಡಿಕೆಯ ದಪ್ಪ ಅರ್ಧಕ್ಕರ್ಧ ಉಳಿಯುತ್ತದೆ.

ಎಡಗೈ ಕೌದಿಯ ಅಡಿಯಲ್ಲಿರಲಿ. ಸೂಜಿಯ ಮೊನೆ ಬೆರಳಿಗೆ ತಾಗಿದಾಗಲೇ ಎಲ್ಲ ಪದರ ದಾಟಿತೆಂದು ಲೆಕ್ಕ, ತಾಗಿದೊಡನೆ ಮೇಲಕ್ಕೆ ತಿರುಗಿಸಿ. ಕಾಲಿಂಚಿನ ಹೊಲಿಗೆ ಮೂರು ನಾಲ್ಕು ಸೂಜಿಯ ಮೇಲೆ ಕೂತ ಮೇಲೆ ಒಟ್ಟಿಗೆ ಎಳೆಯಿರಿ. ಎಳೆತ ದಾರ ಬಟ್ಟೆಗೆ ಒರಗುವಷ್ಟು ಮಾತ್ರ. ಬಟ್ಟೆ ಮುದುಡಿದರೆ ಅತಿಯಾಯಿತು. ದಾರದ ಗಂಟು ಹೊರಗೆ ಕಾಣುವಂತಿದ್ದರೆ ಒಗೆತದಲ್ಲಿ ಬಿಚ್ಚಿಕೊಳ್ಳುತ್ತದೆ. ತುಂಡಿನ ಕೆಳಗಿನಿಂದ ಸೂಜಿ ಹೊರತೆಗೆದರೆ ಗಂಟು ಪದರದ ನಡುವೆಯೇ ಉಳಿಯುತ್ತದೆ.

ಸಾಲಿನ ಅಂತರ ಒಂದಿಂಚಿಗಿಂತ ಹೆಚ್ಚಾಗಬಾರದು. ಬೇಗ ಮುಗಿಯಲೆಂದು ಬಿಡಿ ಬಿಡಿಯಾಗಿ ಹೊಲಿದರೆ ಒಳಪದರ ಒಗೆತದಲ್ಲಿ ಜಾರಿ ಮುದ್ದೆಯಾಗುತ್ತದೆ, ಆಮೇಲೆ ಅದನ್ನು ಸರಿಮಾಡುವ ಉಪಾಯವಿಲ್ಲ. ಕೈ ಕುದುರಿದ ಮೇಲೆ ಗಂಟೆಗೆ ನಾಲ್ಕೈದು ಮೀಟರ್ ಸಾಗಬಹುದು. ದಿನಕ್ಕೆರಡು ಗಂಟೆ ಕೂತರೂ ಮೂರು ವಾರದ ಕೆಲಸ.

ಅಂಚಿನಿಂದ ಒಳಕ್ಕೆ ಬರುವ ಕ್ರಮದ ತೊಡಕು ಒಂದೇ: ಹೆಚ್ಚುವರಿ ಬಟ್ಟೆಯನ್ನೆಲ್ಲ ಸೂಜಿ ನಡುವಿಗೆ ತಳ್ಳುತ್ತ ಬರುತ್ತದೆ. ಪ್ರತಿ ಸುತ್ತು ಮುಗಿದಾಗ ಕೌದಿಯನ್ನು ನೆಲದ ಮೇಲೆ ಹರಡಿ ಅಂಗೈ ಆಡಿಸಿ ನೋಡಿ. ಉಬ್ಬು ಕಂಡರೆ ಆ ಭಾಗದ ಕಚ್ಚಾ ಹೊಲಿಗೆ ಕತ್ತರಿಸಿ, ಸಡಿಲಾದ ಒಳಪದರವನ್ನು ನಡುವಿನ ಕಡೆಗೆ ಸವರಿ ಮತ್ತೆ ಹಿಡಿಸಿ. ಕೊನೆಗೆ ನಡುವೆ ಉದ್ದನೆಯ ಪಟ್ಟಿಯಷ್ಟು ಜಾಗ ಉಳಿಯುತ್ತದೆ. ಅಷ್ಟು ಹೊತ್ತಿಗೂ ಉಳಿದ ಒಳಪದರದ ಸಡಿಲನ್ನು ಅಲ್ಲಿ ಕತ್ತರಿಯಿಂದ ಸೀಳಿ, ಅಂಚು ಒಂದರ ಮೇಲೊಂದು ಮಲಗಿಸಿಬಿಡಿ. ಮೇಲೆ ಬರುವ ಕೊನೆಯ ತುಂಡಿಗೆ ಮಾತ್ರ ನಾಲ್ಕೂ ಅಂಚು ಮಡಚಬೇಕು.

ಸಿದ್ದಿಯರ ಕೌದಿಯ ನಾಲ್ಕು ಮೂಲೆಗೂ ‘ಫೂಲ’ ಇರುತ್ತದೆ, ಮಡಚಿದ ಬಟ್ಟೆಯ ತ್ರಿಕೋನಗಳ ಹೂ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೋಳು. ನಾಲ್ಕಿಂಚಿನ ಚೌಕವನ್ನು ಕರ್ಣಕ್ಕೆ ಎರಡು ಸಲ ಮಡಚಿ, ಬೇರೆ ಬೇರೆ ಬಣ್ಣದ ಎರಡು ಮೂರನ್ನು ಒಂದರೊಳಗೊಂದು ಇಟ್ಟು, ಬುಡವನ್ನು ಮೂಲೆಗೆ ಒತ್ತಾಗಿ ಹೊಲಿದರೆ ಆಯಿತು.

ಒಗೆಯುವುದು, ಎತ್ತಿಡುವುದು

ಒಗೆಯುವುದು ವರ್ಷಕ್ಕೆ ಒಂದೆರಡು ಸಲ ಸಾಕು, ಅಂಟುವಾಳದ ನೀರು ಅಥವಾ ಮೆದು ಸೋಪಿನಲ್ಲಿ. ಕಲ್ಲಿಗೆ ಬಡಿಯಬಾರದು, ತುಳಿದು ಒಗೆಯಬೇಕು. ನೀರು ಕುಡಿದ ಕೌದಿ ವಿಪರೀತ ಭಾರ. ಕ್ಲಿಪ್ಪು ಹಾಕಿ ಅಂಚಿನಿಂದ ತೂಗಿಬಿಟ್ಟರೆ ಹೊಲಿಗೆ ಕಿತ್ತುಬರುತ್ತದೆ. ಎರಡು ಬಿದಿರಿನ ಗಳದ ಮೇಲೆ ಹರಡಿ. ಜನವರಿಯಲ್ಲಿ ಶಿರಸಿ ಕಡೆಯ ಅಂಗಳವೆಲ್ಲ ಅಡಿಕೆಯದ್ದಾಗಿರುತ್ತದೆ, ಒಗೆತವನ್ನು ಅದು ಒಣಗಿ ಒಳಸೇರಿದ ಮೇಲೆ ಇಟ್ಟುಕೊಳ್ಳುವುದೇ ಲೇಸು. ಕಡಲ ದಡದ ಮನೆಯವರು ಸಮುದ್ರದ ಗಾಳಿ ನೇರ ಬಡಿಯದ ಕಡೆ ಒಣಗಿಸಲಿ. ಬಟ್ಟೆಗೆ ಕೂತ ಉಪ್ಪಿನಂಶ ಮಳೆಗಾಲದಲ್ಲಿ ತೇವ ಎಳೆಯುತ್ತದೆ, ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಜೂನ್‌ಗೆ ಮುಂಚೆ ಎರಡು ದಿನ ಬಿಸಿಲು ಕಾಣಿಸಿ, ಪೂರ್ತಿ ತಣಿದ ಮೇಲೆ ಮಡಚಿ. ಬಿಸಿಯಿದ್ದಾಗಲೇ ಪೆಟ್ಟಿಗೆಗೆ ತುರುಕಿದರೆ ಒಳಗೆ ಬೆವರುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಹಳೆ ಪಂಚೆಯಲ್ಲಿ ಸುತ್ತಿ ನಡುವೆ ಲಾವಂಚದ ಬೇರು ಇಡಿ. ನುಸಿಗುಳಿಗೆ ಹಾಕಿದ್ದಾದರೆ ಹೊದೆಯುವ ಮುಂಚೆ ಒಂದು ದಿನ ಗಾಳಿಗೆ ಬಿಡಬೇಕು. ತೊಟ್ಟಿಲ ಕೌದಿಯ ಹತ್ತಿರ ಅದು ಸುಳಿಯಲೇಬಾರದು.

ಮೊದಲು ಸವೆಯುವುದು ಮುಖದ ಕಡೆಯ ಅಂಚು. ಹೊದೆಯುವಾಗ ಆಗಾಗ ತಲೆ–ಕಾಲು ಅದಲುಬದಲು ಮಾಡಿದರೆ ಎರಡೂ ಕಡೆ ಸಮವಾಗಿ ಸವೆಯುತ್ತದೆ. ಹರಿದ ತುಂಡನ್ನು ಬಿಚ್ಚಬೇಡಿ. ಅದರ ಮೇಲೇ ನಾಲ್ಕೂ ಅಂಚು ಮಡಚಿದ ಹೊಸ ತುಂಡು ಇಟ್ಟು, ಅಕ್ಕಪಕ್ಕದ ಹಳೆ ಸಾಲುಗಳ ನೇರಕ್ಕೇ ಹೊಲಿಗೆ ಓಡಿಸಿ.