ವೇಲ್ಸ್ ಸಿಪಾಯಿ ಒಬ್ಬನ ಲೆಕ್ಕ ಹುಡುಕಿದ್ದು – ನನ್ನ ಅನುಭವ

ಲಿವರ್‌ಪೂಲಿಗೆ ಕೆಲ್ಸಕ್ಕೆ ಬಂದ ಮೇಲೆ ಒಂದ್ಸಲ ಉತ್ತರ ವೇಲ್ಸ್ ಸುತ್ತೋಕೆ ಹೋಗಿದ್ವಿ. ಟ್ರಾಸ್‌ವನಿದ್ ಅನ್ನೋ ಪುಟ್ಟ ಊರಲ್ಲಿ ಹೆದ್ ವಿನ್ ಅನ್ನೋ ವೇಲ್ಸ್ ಕವಿಯ ಕಂಚಿನ ಪ್ರತಿಮೆ ಇದೆ, ಅವನ ತಾಯಿನೇ 1923ರಲ್ಲಿ ಅನಾವರಣ ಮಾಡಿದ್ದು. ಯುದ್ಧದಲ್ಲಿ ಸತ್ತ ಸಿಪಾಯಿ ಅಂತಾರೆ, ನೋಡಿದ್ರೆ ಕುರಿ ಕಾಯೋನ ವೇಷ! ಅದೇ ತಲೇಲಿ ಕೊರೀತಾ ಇತ್ತು, ಮನೆಗೆ ಬಂದು ಹುಡುಕೋಕೆ ಕೂತೆ.

ಹೆದ್ ವಿನ್ ಅನ್ನೋದು ಕಾವ್ಯನಾಮ, ಸೈನ್ಯಕ್ಕೆ ಅವನು ಎಲಿಸ್ ಹಂಫ್ರಿ ಇವಾನ್ಸ್. ವೇಲ್ಸಲ್ಲಿ ಇವಾನ್ಸ್ ಅಂದ್ರೆ ನಮ್ಮಲ್ಲಿ ಮಂಜುನಾಥ ಇದ್ದಂಗೆ, ಹೆಸರಿಂದ ಹೋದ್ರೆ ಕಳ್ದೇಹೋಗ್ತೀರ, ಅದಕ್ಕೆ ಸರ್ವಿಸ್ ನಂಬರ್ 61117 ಹಿಡ್ಕೊಂಡೆ. ರೆಜಿಮೆಂಟು ರಾಯಲ್ ವೆಲ್ಚ್ ಫ್ಯುಸಿಲಿಯರ್ಸ್, 15ನೇ ಬೆಟಾಲಿಯನ್. (ಯುದ್ಧದ ಟೈಮಲ್ಲಿ ಸರ್ಕಾರಿ ಸ್ಪೆಲಿಂಗು ‘ವೆಲ್ಷ್’, ‘ವೆಲ್ಚ್’ ವಾಪಸ್ ಬಂದಿದ್ದು 1920ರಲ್ಲಿ, ಹಾಗಾಗಿ ಎರಡೂ ಹಾಕಿ ಹುಡುಕಿ.) ಇನ್ನೊಂದು ವಿಷ್ಯ, ಮೊದಲ ಮಹಾಯುದ್ಧದ ಸಿಪಾಯಿಗಳ ಸರ್ವಿಸ್ ಫೈಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1940ರ ಬಾಂಬ್ ದಾಳೀಲಿ ಸುಟ್ಟುಹೋಗಿವೆ, ಯಾರ್ದಾದ್ರೂ ಸಿಗ್ಲಿಲ್ಲ ಅಂದ್ರೆ ನಿಮ್ ತಪ್ಪಲ್ಲ. ಯುದ್ಧದಲ್ಲಿ ದಿನಾ ಬರೆದಿಡ್ತಿದ್ದ ಬೆಟಾಲಿಯನ್ ಡೈರಿಗಳು ಲಂಡನ್ನಿನ ನ್ಯಾಷನಲ್ ಆರ್ಕೈವ್ಸಲ್ಲಿವೆ, ಆದ್ರೆ ಅಂಥ ಡೈರಿಗಳಲ್ಲಿ ಸಾಮಾನ್ಯವಾಗಿ ಆಫೀಸರ್‌ಗಳಿಗೆ ಮಾತ್ರ ಹೆಸರು, ಮಿಕ್ಕೋರು ಬರೀ ಸಂಖ್ಯೆ.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ, ಈ ಬೆಟಾಲಿಯನ್ 1916ರ ಜುಲೈಲಿ ಫ್ರಾನ್ಸಿನ ಮಾಮೆಟ್ಜ್ ಕಾಡಲ್ಲಿ ಹೋರಾಡಿತ್ತು ಅಂತ ಓದಿ ಇವನೂ ಅಲ್ಲಿದ್ದ ಅಂದ್ಕೊಂಡ್‌ಬಿಟ್ಟೆ. ತಾರೀಖುಗಳನ್ನ ಎಕ್ಸೆಲ್ಲಿಗೆ ಹಾಕಿದಾಗ ಗೊತ್ತಾಯ್ತು, ಅವನು ಟ್ರೈನಿಂಗಿಗೆ ಲಿದರ್ಲೆಂಡಿಗೆ ಬಂದಿದ್ದೇ 1917ರ ಶುರೂನಲ್ಲಿ. ಲಿದರ್ಲೆಂಡು ನಮ್ಮನೆಯಿಂದ ಬಸ್ಸಲ್ಲಿ ಹೋಗೋ ದೂರ! ಮಾರ್ಚಲ್ಲಿ ಉಳುಮೆಗೆ ಆಳು ಸಾಲ್ದು ಅಂತ ಸರ್ಕಾರನೇ ಏಳು ವಾರ ರಜೆ ಕೊಟ್ಟು ಊರಿಗೆ ಕಳ್ಸಿತ್ತು, ಇವ್ನು ಅವಧಿ ಮೀರಿ ಅಲ್ಲೇ ಉಳ್ಕೊಂಡ, ಆಮೇಲೆ ಮಿಲಿಟರಿ ಪೊಲೀಸ್ರು ಬಂದು ಹುಲ್ಲುಗಾವಲಿಂದಾನೇ ಹಿಡ್ಕೊಂಡು ಹೋದ್ರು. ಜೂನಲ್ಲಿ ಫ್ರಾನ್ಸಿನ ಫ್ಲೆಶಾನ್‌ನಲ್ಲಿ ಬೆಟಾಲಿಯನ್ ಸೇರಿದ. ಜುಲೈ 31, ಬೆಲ್ಜಿಯಮ್ಮಿನ ಪಾಶೆಂಡೇಲ್ ಕದನದ ಮೊದಲನೇ ದಿನ, ಪಿಲ್ಕೆಮ್ ದಿಣ್ಣೇಲಿ ಶೆಲ್ ಚೂರು ಹೊಟ್ಟೆಗೆ ತಗುಲಿ ಸತ್ತ. ವಯಸ್ಸು 30. ಯುದ್ಧಭೂಮೀಲಿದ್ದದ್ದು ಎರಡು ತಿಂಗಳೂ ಇಲ್ಲ, ಉಳುಮೆ ರಜೆಯಷ್ಟೇ ಅನ್ನಿ. ಕುರಿ ಕಾಯೋನ ವೇಷದಲ್ಲಿ ಪ್ರತಿಮೆ ಮಾಡಿದವ್ರು ಸರಿಯಾಗೇ ಮಾಡಿದಾರೆ.

ಹೊರಡೋ ಗಡಿಬಿಡೀಲಿ ಸ್ಪರ್ಧೆಗೆ ಬರೆದಿದ್ದ ಕವಿತೆ ಮನೇಲೇ ಮರೆತಿದ್ದನಂತೆ, ದಾರೀಲಿ ಮತ್ತೆ ಬರ್ದು ಫ್ರಾನ್ಸಿಂದ ಪೋಸ್ಟ್ ಮಾಡಿದ. ಸೆಪ್ಟೆಂಬರ್ 6ಕ್ಕೆ ಬರ್ಕನ್‌ಹೆಡ್‌ನ ರಾಷ್ಟ್ರೀಯ ಐಸ್ಟೆದ್‌ವೊಡ್ ಕವಿಸಭೇಲಿ, ಪ್ರಧಾನಿ ಲಾಯ್ಡ್ ಜಾರ್ಜ್ ಕೂತಿದ್ದಾಗ, ಗೆದ್ದವನನ್ನ ಕೂಗಿದ್ರು, ಯಾರೂ ಏಳ್ಲಿಲ್ಲ. ಬಹುಮಾನವಾಗಿ ಕೊಡೋ ಕುರ್ಚಿ ಖಾಲಿ ಉಳೀತು, ಅದಕ್ಕೆ ಕಪ್ಪು ಬಟ್ಟೆ ಹೊದಿಸಿದ್ರು. ಆ ಕುರ್ಚಿ ಕೆತ್ತಿದ್ದು ಬೆಲ್ಜಿಯಮ್ಮಿಂದ ಓಡಿಬಂದಿದ್ದ ನಿರಾಶ್ರಿತ, ಹೆದ್ ವಿನ್ ಸಮಾಧಿ ಇರೋದೂ ಬೆಲ್ಜಿಯಮ್ಮಲ್ಲೇ, ಆರ್ಟಿಲರಿ ವುಡ್ ಸ್ಮಶಾನದಲ್ಲಿ.

ಈಗ ಡೈರೀಲಿ ಮಾಮೆಟ್ಜ್ ಪುಟಗಳನ್ನ ಓದ್ತಿದೀನಿ. ಪೆನ್ಸಿಲ್ ಕೈಬರಹ, ಒಂದು ಪುಟಕ್ಕೆ ಒಂದು ಸಂಜೆ ಹೋಗ್ತಿದೆ.