ಹಳೆ ಟ್ರ್ಯಾಕ್ಟರ್‌ನ ಕಂಪ್ರೆಷನ್ ಎಲ್ಲಿ ಸೋರುತ್ತಿದೆ? ಹೆಡ್ ಬಿಚ್ಚುವ ಮುಂಚೆ ಪತ್ತೆ ಮಾಡಿ

ಬೆಳಿಗ್ಗೆ ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಬಿಳಿ ಹೊಗೆ ಬರುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಎಳೆದು ಸ್ಟಾರ್ಟ್ ಮಾಡಿದರೆ ಕುಂಟುತ್ತಾ ಓಡಿ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲ, ಒತ್ತಿ ಹಿಡಿದ ಗಾಳಿಯ ಕಾವಿಗೇ ಎಣ್ಣೆ ಹತ್ತಿಕೊಳ್ಳಬೇಕು. ಗಾಳಿಯನ್ನು ಹೀಗೆ ಒತ್ತುವುದೇ ಕಂಪ್ರೆಷನ್. ಗಾಳಿ ಸೋರಿದರೆ ಆ ಕಾವು ಏರುವುದಿಲ್ಲ. ಆದರೆ ಎಣ್ಣೆ ಸಿಂಪಡಿಸುವ ನಾಜಲ್ ಕೆಟ್ಟರೂ, ಎಣ್ಣೆ ತಳ್ಳುವ ಪಂಪ್‌ನ ಟೈಮಿಂಗ್ ತಪ್ಪಿದರೂ ಇದೇ ಲಕ್ಷಣ. ಹಾಗಾಗಿ ಅಳತೆ ಮಾಡದೆ ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ ಎಂದು ತೀರ್ಮಾನಿಸಬೇಡಿ.

ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಇಂಜಿನ್ ನಿಧಾನವಾಗಿ ತಿರುಗಿದರೆ ಒಳ್ಳೆಯ ಇಂಜಿನ್ ಕೂಡ ಕಡಿಮೆ ಕಂಪ್ರೆಷನ್ ತೋರಿಸುತ್ತದೆ. ಆಮೇಲೆ ಟ್ಯಾಪೆಟ್ ನೋಡಿ, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್. ಗ್ಯಾಪ್ ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಅಲ್ಲೇ ಹೋಗುತ್ತದೆ. ಎಷ್ಟು ಗ್ಯಾಪ್, ಇಂಜಿನ್ ತಣ್ಣಗಿರಬೇಕೋ ಬಿಸಿಯಿರಬೇಕೋ ಎಂಬುದು ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿರುತ್ತದೆ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಗೇಜ್ ಹಾಕಬೇಕು. ಪೆಟ್ರೋಲ್ ಇಂಜಿನ್‌ನ ಗೇಜ್ ಇಲ್ಲಿ ತಾಳುವುದಿಲ್ಲ. 70 ಬಾರ್ ಒತ್ತಡದವರೆಗೆ ಅಳೆಯುವ ಡೀಸೆಲ್ ಗೇಜ್, ನಿಮ್ಮ ನಾಜಲ್‌ಗೆ ಹೊಂದುವ ಅಡಾಪ್ಟರ್ ಬೇಕು. ಇಂಜಿನ್ ಬಿಸಿ ಮಾಡಿ, ನಾಜಲ್ ಸುತ್ತಲಿನ ಕೊಳೆ ತೆಗೆದು, ನಾಜಲ್‌ಗಳನ್ನೆಲ್ಲ ಬಿಚ್ಚಿ. ಡೀಸೆಲ್ ಬರದಂತೆ ಸ್ಟಾಪ್ ನಾಬ್ ಎಳೆದಿಡಿ. ಪ್ರತಿ ಸಿಲಿಂಡರ್‌ಗೂ ಐದಾರು ಸ್ಟ್ರೋಕ್ ಆಗುವಷ್ಟು ಸೆಲ್ಫ್ ಹೊಡೆಯಿರಿ. ಸಾಮಾನ್ಯವಾಗಿ 25ರಿಂದ 30 ಬಾರ್ ಬಂದರೆ ಇಂಜಿನ್ ಚೆನ್ನಾಗಿದೆ. 20ಕ್ಕಿಂತ ಕೆಳಗೆ ಇಳಿದರೆ ಚಳಿಯಲ್ಲಿ ಸ್ಟಾರ್ಟ್ ಆಗುವುದು ಕಷ್ಟ. ಸಿಲಿಂಡರ್‌ಗಳ ನಡುವೆ 10–15 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮುಳ್ಳು ಏರುವ ರೀತಿಯನ್ನೂ ಗಮನಿಸಿ: ಮೊದಲ ಸ್ಟ್ರೋಕ್‌ನಲ್ಲಿ ಕಡಿಮೆ ಬಂದು ಆಮೇಲೆ ಸ್ವಲ್ಪಸ್ವಲ್ಪವೇ ಏರಿದರೆ ರಿಂಗ್ ಮೇಲೆ ಅನುಮಾನ, ಏರದೆ ಅಲ್ಲೇ ನಿಂತರೆ ವಾಲ್ವ್ ಅಥವಾ ಗ್ಯಾಸ್ಕೆಟ್ (ಸಿಲಿಂಡರ್ ಮುಚ್ಚುವ ಹೆಡ್‌ನ ಕೆಳಗಿನ ಸೀಲ್). ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರಬಹುದು.

ಸಿಲಿಂಡರ್‌ಗೆ ಆಯಿಲ್ ಬಿಟ್ಟು ಮತ್ತೆ ಅಳೆಯುವ ಪರೀಕ್ಷೆಯನ್ನು ಡೀಸೆಲ್‌ನಲ್ಲಿ ನಂಬಬೇಡಿ. ಪಿಸ್ಟನ್ ತಲೆಯ ಗುಂಡಿಯಲ್ಲೇ ಆಯಿಲ್ ನಿಂತು, ಇರುವ ಸ್ವಲ್ಪ ಜಾಗವನ್ನೂ ತುಂಬಿ, ರೀಡಿಂಗ್ ಸುಳ್ಳಾಗಿ ಏರುತ್ತದೆ. ಜಾಸ್ತಿ ಬಿದ್ದರೆ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ.

ಖಚಿತ ಉತ್ತರ ಕೊಡುವುದು ಕಂಪ್ರೆಸರ್ ಗಾಳಿ. ಸೋರುವ ಸಿಲಿಂಡರ್‌ನ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕ್‌ನ ತುದಿಗೆ ತನ್ನಿ. ಆಗ ಅದರ ಎರಡೂ ರಾಕರ್‌ಗಳು ಸಡಿಲವಾಗಿ ಅಲ್ಲಾಡುತ್ತವೆ. ಟಾಪ್ ಗೇರ್‌ನಲ್ಲಿಟ್ಟು, ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಗಾಳಿ ಪಿಸ್ಟನ್ನನ್ನು ತಳ್ಳಿ ಇಂಜಿನ್ ತಿರುಗಿಸಬಹುದು, ಫ್ಯಾನ್ ಹತ್ತಿರ ಕೈ ಇಡಬೇಡಿ. ಇಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ, ಆಯಿಲ್ ಮುಚ್ಚಳ, ಏರ್ ಕ್ಲೀನರ್ ಹೋಸ್ ತೆಗೆದು, ನಾಜಲ್ ರಂಧ್ರದಿಂದ 5–6 ಬಾರ್ ಗಾಳಿ ಬಿಟ್ಟು ಕಿವಿಗೊಡಿ. ಇನ್‌ಟೇಕ್‌ನಲ್ಲಿ ಸದ್ದು ಬಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ಡೋ, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರೋ ಬಿರುಕು ಬಿಟ್ಟಿದೆ. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬುಸುಗುಟ್ಟಿದರೆ ರಿಂಗ್ ಮತ್ತು ಲೈನರ್. ಅಲ್ಲಿ ಸಣ್ಣ ಸದ್ದು ಹೊಸ ಇಂಜಿನ್‌ನಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ.

ವಾಲ್ವ್ ದೋಷವಾದರೆ ಹೆಡ್ ಮಾತ್ರ ಇಳಿಸಿ ವಾಲ್ವ್ ಕೂರುವ ಸೀಟ್ ಸರಿಮಾಡಿಸಿದರೆ ಸಾಕು. ರಿಂಗ್ ಕಡೆ ಸೋರಿಕೆ ಇದ್ದರೆ ಲೈನರ್ ಸವೆತ ಅಳೆಯಲೇಬೇಕು. ಒಂದೇ ರಿಂಗನ್ನು ಲೈನರ್‌ನ ಸವೆಯದ ತಳಭಾಗದಲ್ಲಿ ನೇರವಾಗಿ ಕೂರಿಸಿ ಫೀಲರ್ ಗೇಜ್‌ನಿಂದ ಬಾಯಿ ಗ್ಯಾಪ್ (ರಿಂಗ್‌ನ ಎರಡು ತುದಿಗಳ ನಡುವಿನ ಸಂದು) ನೋಡಿ, ಆಮೇಲೆ ಮೇಲಿನ ರಿಂಗ್ ಓಡಾಡುವ ಜಾಗದಲ್ಲಿ ನೋಡಿ. ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದ ಸವೆತ ಸಿಗುತ್ತದೆ: 0.63 ಮಿ.ಮೀ. ವ್ಯತ್ಯಾಸ ಎಂದರೆ 0.20 ಮಿ.ಮೀ. ಸವೆತ. ಪುಸ್ತಕದ ಮಿತಿ ದಾಟಿದ ಲೈನರ್‌ಗೆ ಬರೀ ಹೊಸ ರಿಂಗ್ ಹಾಕುವುದು ಹಣ ದಂಡ. ಮೇಲೆ ಅಗಲ, ಕೆಳಗೆ ಕಿರಿದಾದ ಬೋರಿನಲ್ಲಿ ರಿಂಗ್ ಕೂರುವುದಿಲ್ಲ.

ಜೋಡಿಸುವಾಗ ನಾಜಲ್‌ಗಳಿಗೆ ಹೊಸ ತಾಮ್ರದ ವಾಷರ್ ಹಾಕಿ. ಏರ್ ಕ್ಲೀನರ್‌ನಿಂದ ಇಂಜಿನ್‌ಗೆ ಹೋಗುವ ಹೋಸಿನೊಳಗೆ ಬೆರಳಾಡಿಸಿ ನೋಡಿ. ಧೂಳು ಅಂಟಿದರೆ ಕ್ಲಿಪ್ಪೋ ಹೋಸೋ ಸೋರುತ್ತಿದೆ. ಅದನ್ನು ಮುಚ್ಚದಿದ್ದರೆ ಹೊಸ ಲೈನರ್‌ಗಳನ್ನೂ ಅದೇ ಧೂಳು ಸವೆಸುತ್ತದೆ.